ಒಂಬತ್ತನೆಯವಳು

"ಈ ಪಂದ್ಯಾವಳಿಯದೊಂದು ವಿಚಿತ್ರ ನಿಯಮವಿದೆ. ಉಳಿದ ಕಡೆ ಸೋತವಳು ಅಂದೇ ಚೀಲ ಕಟ್ಟಿಕೊಂಡು ಹೊರಡಬೇಕು. ಇಲ್ಲಿ ಹಾಗಿಲ್ಲ. ನಾಲ್ವರ ಗುಂಪಿನಲ್ಲಿ ಎಲ್ಲರೂ ಎಲ್ಲರ ಮೇಲೂ ಆಡುತ್ತಾರೆ. ಒಂದು ಪಂದ್ಯ ಸೋತವಳಿಗೂ..."

ಇಷ್ಟು ಹೇಳುವಷ್ಟರಲ್ಲಿ ಬೀದಿಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ಉದ್ದಕ್ಕೆ ಹಾರನ್ ಹಾಕಿಕೊಂಡು ಹೋಯಿತು. ಪ್ರತಿಮಾ ಮೊಬೈಲ್ ನಿಲ್ಲಿಸಿ, ಹೇಳಿದ್ದನ್ನೆಲ್ಲ ಅಳಿಸಿದಳು. ಕಿಟಕಿಗೆ ಹಾಸಿಗೆ ಒರಗಿಸಿದ್ದಳು, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದ್ದಳು. ಏನೂ ಪ್ರಯೋಜನವಾಗಲಿಲ್ಲ. ನವೆಂಬರಿನಲ್ಲಿ ಆಂಧ್ರದ ಗಡಿಯೂರಾದ ಆದೋನಿಯಲ್ಲಿ ಕೂತು ಸದ್ದಿಲ್ಲದೆ ಧ್ವನಿ ಮುದ್ರಿಸುತ್ತೇನೆ ಎನ್ನುವವರ ತಲೆ ನೆಟ್ಟಗಿಲ್ಲವೆಂದೇ ಅರ್ಥ. ಹೊಸ ಹತ್ತಿ ಬರುವ ಕಾಲ. ಹೊಳಗುಂದ, ಆಲೂರಿನ ಕಡೆಯ ಗಾಡಿಗಳೆಲ್ಲ ಇದೇ ಬೀದಿ ಹಿಡಿದು ಮಾರ್ಕೆಟ್ ಯಾರ್ಡಿಗೆ ಹೋಗಬೇಕು. ಅದು ಸಾಲದೆಂಬಂತೆ ಹಿಂದಿನ ಗಲ್ಲಿಯ, ಹತ್ತಿಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು ಬೆಳಗಿನಿಂದ ಗುಂಯ್‌ಗುಡುತ್ತಲೇ ಇತ್ತು.

ಬೆಂಗಳೂರಿನ ಒಂದು ಕ್ರೀಡಾ ಚಾನೆಲ್ಲಿಗೆ ಅವಳು ಮನೆಯಲ್ಲೇ ಕೂತು ಟೆನಿಸ್ ಮುನ್ನೋಟಗಳನ್ನು ಹೇಳಿ ಕಳಿಸುತ್ತಿದ್ದಳು. ಯಾರ ಸರ್ವಿಸ್ ಜೋರು, ಯಾರ ಮೊಣಕಾಲು ನೋಯುತ್ತಿದೆ, ಯಾರು ಯಾರಿಗೆ ಹೆದರುತ್ತಾರೆ ಎಂಬುದನ್ನೆಲ್ಲ ತಿಳಿಗನ್ನಡದಲ್ಲಿ ಹೇಳುವವರು ಹೆಚ್ಚು ಜನ ಇರಲಿಲ್ಲ. ಈಗ ವರ್ಷದ ಕೊನೆಯ ಮಹಿಳಾ ಚಾಂಪಿಯನ್‌ಶಿಪ್‌ಗೆ ಮೊದಲ ಬಾರಿ ಕನ್ನಡದಲ್ಲಿ ನೇರ ವೀಕ್ಷಕ ವಿವರಣೆ ಕೊಡಲು ಚಾನೆಲ್ಲಿನವರು ಹೊರಟಿದ್ದರು. ವಾರವಿಡೀ ಬೆಂಗಳೂರಿನ ಸ್ಟುಡಿಯೋದಲ್ಲಿ ಇರಬೇಕು. ಮೊದಲು ಮುನ್ನೋಟ ಕಳಿಸಿ, ಹಿಡಿಸಿದರೆ ಕರೆಸುತ್ತೇವೆ, ಆಮೇಲೆ ಕೆಲಸವನ್ನೂ ಖಾಯಂ ಮಾಡುತ್ತೇವೆ ಎಂದಿದ್ದರು. ಇವತ್ತು ಸಂಜೆ ಆರರೊಳಗೆ ಕಳಿಸಬೇಕಿತ್ತು.

ಅವಳಿಗೆ ಟೆನಿಸ್ ಹತ್ತಿದ್ದು ಈ ಊರಿನ ಹತ್ತಿ ವರ್ತಕರ ಕ್ಲಬ್ಬಿನ ಮಣ್ಣಿನ ಕೋರ್ಟಿನಲ್ಲಿ. ಅಪ್ಪ ರೇವಣಸಿದ್ದಯ್ಯ ಹತ್ತಿ ದಲಾಲ, ಕ್ಲಬ್ಬಿನ ಸದಸ್ಯ. ಗಂಡಸರು ಬರುವುದಕ್ಕೆ ಮೊದಲು, ಬೆಳ್ಳಂಬೆಳಿಗ್ಗೆ, ಅವಳೂ ಅವಳ ಅಕ್ಕ ಮಹೇಶ್ವರಿಯೂ ಆಡುತ್ತಿದ್ದರು. ಅಕ್ಕನ ಮುಂದೆ ಅವಳೆಂದೂ ಗೆದ್ದವಳಲ್ಲ. ಆ ಅಕ್ಕ ಹೋದ ಮಾಘದಲ್ಲಿ ಡೆಂಗಿ ಜ್ವರಕ್ಕೆ ಸಿಕ್ಕಿ ತೀರಿಕೊಂಡಳು. ಅವಳ ಮಗಳು ಮಲ್ಲಿಕಾ ಅಂದಿನಿಂದ ಇಲ್ಲೇ, ಪ್ರತಿಮಾಳ ಪಕ್ಕದಲ್ಲೇ ಮಲಗುತ್ತಿದ್ದಳು. ಕೋರ್ಟಿನಲ್ಲಿ ಈಗ ಕ್ಲಬ್ಬಿನವರ ಕಾರುಗಳು ನಿಲ್ಲುತ್ತವೆ.

ಬಾಗಿಲು ತಟ್ಟಿದ ಸದ್ದಾಯಿತು. ಸಂದಿಯ ಸೀರೆಯನ್ನು ಕಾಲಿನಿಂದ ತಳ್ಳಿಕೊಂಡು ತಾಯಿ ಗುರುಶಾಂತಮ್ಮ ಒಳಗೆ ಬಂದಳು.

"ಆಲೂರಿಂದ ಬೀಗರು ಬಂದಾರ. ಮಂಡಕ್ಕಿ ಉಗ್ಗಾನಿ ಕಲಸೀನಿ, ಬಜ್ಜಿ ಕರಿಯೋದು ಐತಿ. ಆ ಪ್ಯಾಂಟು ಬಿಟ್ಟು ಸೀರಿ ಉಟ್ಟು ಬಾ."

"ವಾರವಾರ ಬರೋ ಬೀಗರಿಗೆ ಸೀರಿ ಯಾಕವ್ವ?"

"ಉಡು ಅಂದ್ರ ಉಡು. ಎಲ್ಲಾದಕ್ಕೂ ಯಾಕ ಅನ್ನಬ್ಯಾಡ."

ಪ್ರತಿಮಾ ಸೀರೆ ಉಡಲಿಲ್ಲ. ದುಪಟ್ಟಾ ಒಂದನ್ನು ಹೆಗಲಿಗೆ ಹಾಕಿಕೊಂಡು ಬಜ್ಜಿಯ ತಟ್ಟೆ ಹಿಡಿದು ನಡುಮನೆಗೆ ಹೋದಳು. ಅಕ್ಕನ ಮಾವ ಗಾದಿಲಿಂಗಯ್ಯ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದರು. ಆಲೂರು ರಸ್ತೆಯಲ್ಲಿ ಅವರದೊಂದು ಮಿಲ್ಲಿದೆ. ಪಕ್ಕದಲ್ಲಿ ಅಪ್ಪ. ಇಬ್ಬರ ನಡುವೆ ಅಪ್ಪನ ಬಿಳಿ ಟವಲ್ಲು ಹರಡಿತ್ತು, ಇಬ್ಬರ ಬಲಗೈಯೂ ಅದರ ಕೆಳಗಿತ್ತು.

ಆದೋನಿಯ ಹಳೆಯ ದಲಾಲರು ಹತ್ತಿಯ ದರವನ್ನು ಬಾಯಲ್ಲಿ ಹೇಳುವವರಲ್ಲ. ಟವಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಹೇಳುತ್ತಾರೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು. ಇವನು ಎರಡು ಬೆರಳು ಹಿಡಿದರೆ ಅವನು ಮೂರು ಹಿಡಿಯುತ್ತಾನೆ. ಕೊನೆಗೆ ಅಂಗೈಗೆ ಅಂಗೈ ಒತ್ತಿದರೆ ವ್ಯಾಪಾರ ಮುಗಿಯಿತು, ಬ್ರಹ್ಮ ಬಂದರೂ ಬದಲಾಗುವುದಿಲ್ಲ. ಈಗ ಯಾರ್ಡಿನಲ್ಲಿ ಎಲ್ಲವೂ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆದರೆ ರೇವಣಸಿದ್ದಯ್ಯನ ಕೈಗೆ ಹತ್ತಿದ ಚಟ ಹೋಗಿರಲಿಲ್ಲ. ಮನೆಗೆ ಸುಣ್ಣ ಹೊಡೆಸುವ ಮಾತಿದ್ದರೂ ಟವಲ್ಲು ಹುಡುಕುತ್ತಿದ್ದರು. ಅದನ್ನು ನೋಡಿ ಅಕ್ಕತಂಗಿಯರು ಎಷ್ಟೋ ಸಲ ನಕ್ಕಿದ್ದುಂಟು.

"ಈ ಸಲ ಹತ್ತಿಯಾಗ ತ್ಯಾವ ಭಾಳ ಐತಿ ನೋಡ್ರಿ," ಎಂದರು ಗಾದಿಲಿಂಗಯ್ಯ. ಅವರ ಮುಖ ಕಿಟಕಿಯ ಕಡೆಗಿತ್ತು. ಟವಲ್ಲು ಮೆಲ್ಲಗೆ ಮಿಸುಕಿತು.

"ಹೌದ್ರಿ. ಮಳಿ ಹಿಂದಾತು," ಎಂದರು ಅಪ್ಪ. ಅವರ ಮೊಣಕೈ ತುಸು ಮುಂದೆ ಹೋಯಿತು. ಗಾದಿಲಿಂಗಯ್ಯ ತಲೆ ಅಲ್ಲಾಡಿಸಿದರು, ಮತ್ತೆ ಮಿಸುಕಿತು. ಬಜ್ಜಿ ಆರುತ್ತಿತ್ತು. ಕೊನೆಗೆ ಬೀಗರು ಉಸಿರು ಬಿಟ್ಟು, "ಸರ್ಲೇ, ನಿಮ್ಮ ಮಾತೇ ಆಗಲಿ," ಎಂದರು. ಟವಲ್ಲಿನ ಕೆಳಗೆ ಎರಡು ಅಂಗೈಗಳು ಗಟ್ಟಿಯಾಗಿ ಒತ್ತಿಕೊಂಡದ್ದು ಬಟ್ಟೆಯ ಮೇಲಿನಿಂದಲೂ ಕಾಣಿಸಿತು.

ಗುರುಶಾಂತಮ್ಮ ಬಾಗಿಲಲ್ಲೇ ಕಾದು ನಿಂತಿದ್ದವಳಂತೆ ಸಕ್ಕರೆಯ ಬಟ್ಟಲು ತಂದಳು. ಬೀಗರ ಕೈಗೆ ಒಂದು ಚಿಟಿಕೆ, ಗಂಡನ ಕೈಗೆ ಒಂದು ಚಿಟಿಕೆ ಹಾಕಿ, ಮೂರನೆಯದನ್ನು ಮಗಳ ಬಾಯಿಗೇ ಹಿಡಿದಳು. ಹತ್ತಿ ಮಾರಿದ್ದಕ್ಕೆ ಈ ಮನೆಯಲ್ಲಿ ಯಾರೂ ಸಕ್ಕರೆ ಹಂಚಿದ್ದಿಲ್ಲ. ಪ್ರತಿಮಾಳಿಗೆ ಎಲ್ಲ ತಿಳಿದುಹೋಯಿತು. ಅವ್ವನ ಸಕ್ಕರೆಯ ಕೈ ತಳ್ಳಿ, ತಟ್ಟೆಯನ್ನು ಅಲ್ಲೇ ಕುಕ್ಕಿ ಹಿತ್ತಲಿಗೆ ನಡೆದಳು.

ಹಿತ್ತಲಲ್ಲಿ ಅಕ್ಕನ ಗಂಡ ಚೇತನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಿಸ್ಕತ್ತಿನ ಪೊಟ್ಟಣ ಬಿಡಿಸುತ್ತಿದ್ದ. ಎದುರಿಗೆ ಮಲ್ಲಿಕಾ ಕೈ ಚಾಚಿ ನಿಂತಿದ್ದಳು. ಅವನು ವಾರಕ್ಕೊಮ್ಮೆ ಬರುತ್ತಿದ್ದ, ಬಂದಾಗಲೆಲ್ಲ ಅದೇ ಬಿಸ್ಕತ್ತು ತರುತ್ತಿದ್ದ. ಪ್ರತಿಮಾ ಮಗುವನ್ನು ಒಳಗೆ ಕಳಿಸಿದಳು.

"ಭಾವಾ, ಒಳಗ ಏನ ನಡದೈತಿ ನಿಮಗ ಗೊತ್ತೈತೇನು?"

"ನಮ್ಮಪ್ಪ ಹೇಳಿದ್ರು."

"ನೀವೇನಂದ್ರಿ?"

"ನಾನೇನನ್ಲಿ. ಮಗು ನಿನ್ನ ಬಿಟ್ಟು ಇರಂಗಿಲ್ಲ. ಅದನ್ನ ನೋಡಿ ಹೂಂ ಅಂದೆ."

"ನನ್ನ ಒಂದು ಮಾತು ಕೇಳಬೇಕು ಅನಿಸಲಿಲ್ಲೇನು?"

ಚೇತನ ಬಿಸ್ಕತ್ತಿನ ಹಾಳೆಯನ್ನು ಮಡಚತೊಡಗಿದ. ಅವನು ಕೆಟ್ಟವನಲ್ಲ. ಮಹೇಶ್ವರಿ ಆಸ್ಪತ್ರೆಯಲ್ಲಿದ್ದಾಗ ಬಾಗಿಲ ಬಳಿಯಿಂದ ಕದಲದೆ ಕೂತಿದ್ದವನು. ಆದರೆ ತಂದೆಯ ಮುಂದೆ ಒಂದು ಮಾತು ಆಡಬೇಕೆಂದರೆ ಅವನಿಗೆ ನಾಲಗೆ ಏಳುತ್ತಿರಲಿಲ್ಲ.

"ನಿನಗ ಮನಸಿಲ್ಲಂದ್ರ ಹೇಳಿಬಿಡು ಪ್ರತಿಮಾ. ನಾನೇನು ಬೇಜಾರಾಗಂಗಿಲ್ಲ," ಎಂದ. "ಆದ್ರ ನೀನ ಹೇಳಬೇಕು. ನಾನು ಹೇಳಿದ್ರ ನಮ್ಮಪ್ಪ ಮನಿ ಸೇರಿಸಂಗಿಲ್ಲ."

"ನಾನು ಹೇಳಿದ್ರ ನಮ್ಮಪ್ಪ ಹೂವಿನ ಹಾರ ಹಾಕ್ತಾರೇನು?"

"ನಿನ್ನ ಟೆನಿಸ್ ಬಿಡು ಅಂತ ಯಾರೂ ಅನ್ನಂಗಿಲ್ಲ. ಮ್ಯಾಲಿನ ರೂಮು ಖಾಲಿ ಐತಿ. ಏಸಿ ಹಾಕಿಸ್ತೀನಿ. ಕಿಟಕಿ ಮುಚ್ಚಿದ್ರ ಒಂದೂ ಸದ್ದು ಬರಂಗಿಲ್ಲ. ಅಲ್ಲೇ ಕುಂತು ಮಾಡಬೋದು."

"ಅದು ಅಕ್ಕನ ರೂಮಲ್ಲೇನು?"

ಅಷ್ಟರಲ್ಲಿ ಚೇತನನ ಮೊಬೈಲ್ ಬಡಿದುಕೊಂಡಿತು. ಬದುಕಿದೆನೆಂಬಂತೆ ಅದನ್ನು ಕಿವಿಗೆ ಹಿಡಿದು, "ಆಁ, ಚೆಪ್ಪಣ್ಣಾ," ಎನ್ನುತ್ತ ತೆಲುಗಿನಲ್ಲಿ ಲಾರಿಯ ವಿಚಾರ ಮಾತನಾಡಿಕೊಂಡು ಗೋಡೆಯ ಆಚೆ ಹೋದ. ಅಕ್ಕನ ರೂಮು, ಅಕ್ಕನ ಮಂಚ, ಅಕ್ಕನ ಗಂಡ. ಪ್ರತಿಮಾ ಅಲ್ಲೇ ನಿಂತು ಅಕ್ಕನ ಮೇಲೇ ಸಿಟ್ಟು ಮಾಡಿಕೊಂಡಳು. ಸತ್ತವಳ ಮೇಲೆ ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಬೀಗರು ಹೋದ ಮೇಲೆ ಅವಳು ಅಪ್ಪನ ಎದುರಿಗೆ ಹೋಗಿ ನಿಂತಳು. ರೇವಣಸಿದ್ದಯ್ಯ ಟವಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು.

"ಅಪ್ಪಾ, ಟವಲ್ ಕೆಳಗ ಏನು ಮಾತಾತು?"

"ಹತ್ತೀದು."

"ಹತ್ತಿಗೆ ಅವ್ವ ಸಕ್ರಿ ಹಂಚ್ತಾಳೇನು?"

ರೇವಣಸಿದ್ದಯ್ಯ ಒಂದು ಕ್ಷಣ ಮಗಳ ಮುಖ ನೋಡಿದರು. ಆಮೇಲೆ, ಆಶ್ಚರ್ಯವೆಂದರೆ, ಅವರ ಮುಖ ಅರಳಿತು.

"ಕುಂದರು, ಹೇಳ್ತೀನಿ. ಅವರು ಎರಡು ತಿಂಗಳಾಗ ಮದುವಿ ಆಗಬೇಕು ಅಂತ ಎರಡು ಬೆರಳು ಹಿಡದ್ರು. ನಾ ಬಿಡಲಿಲ್ಲ. ಮೂರು ಹಿಡದೆ. ಮತ್ತ ಎರಡಕ್ಕ ಬಂದ್ರು. ನಾ ಮೂರಕ್ಕ ಗಟ್ಟಿ ನಿಂತೆ. ನಿಂದೇನೋ ಬೆಂಗಳೂರಿನ ಕೆಲಸ ಐತೆಲ್ಲ, ಅದು ಮುಗೀಲಿ ಅಂತ. ನಿನ್ನ ಸಲುವಾಗಿ ಒಂದು ತಿಂಗಳು ಎಳದೀನಿ ನೋಡು. ಗಾದಿಲಿಂಗಯ್ಯನಂಥೋರ ಹತ್ರ ಅಷ್ಟು ಎಳಿಯೋದು ಸಣ್ಣ ಮಾತಲ್ಲ."

ಅವರು ನಿಜವಾಗಿಯೂ ಹೆಮ್ಮೆಯಿಂದ ಹೇಳುತ್ತಿದ್ದರು. ಇಷ್ಟು ಒಳ್ಳೆಯ ವ್ಯಾಪಾರ ಮಾಡಿಯೂ ಮಗಳು ಯಾಕೆ ನಗುತ್ತಿಲ್ಲವೆಂದು ಅವರಿಗೆ ತಿಳಿಯಲಿಲ್ಲ. ಪ್ರತಿಮಾಳಿಗೆ ಅಳು ಬರಬೇಕಿತ್ತು, ಬರಲಿಲ್ಲ.

"ನಾ ಒಲ್ಲೆ, ಅಪ್ಪಾ."

"ಕೈ ಒತ್ತಿಯಾತವ್ವ. ಒತ್ತಿದ ಕೈ ನಾ ಯಾವತ್ತೂ ಹಿಂದಕ್ಕ ತಗೊಂಡೋನಲ್ಲ."

"ಒತ್ತಿದ್ದು ನಿಮ್ಮ ಕೈ. ನನ್ನ ಕೈ ಅಲ್ಲ."

"ಹಂಗಾದ್ರ ಮಲ್ಲಿಕಾನ ಯಾರ ಕೈಯಾಗ ಕೊಡ್ಲಿ, ನೀನ ಹೇಳು." ಅವರ ಧ್ವನಿ ಇಳಿಯಿತು. "ನೀ ಒಲ್ಲೆ ಅಂದ್ರ ಅವರು ಹೊರಗಿನಾಕಿನ್ನ ತರತಾರ. ಮರುದಿನ ಮಗೂನ್ನ ಕರಕೊಂಡು ಹೋಗ್ತಾರ. ನಾವು ನೋಡಾಕ ಹೋದ್ರ ಬಾಗಿಲಾಗ ನಿಂದ್ರಿಸ್ತಾರ. ಮಹೇಶ್ವರಿದು ಅಂತ ನಮಗ ಉಳದಿರೋದು ಅದೊಂದ ಐತಿ." ಅಷ್ಟು ಹೇಳಿ ರೇವಣಸಿದ್ದಯ್ಯ ಅದೇ ಟವಲ್ಲಿನಿಂದ ಕಣ್ಣೊರೆಸಿಕೊಂಡರು.

ಅಪ್ಪ ಬೈದಿದ್ದರೆ, ಹೊಡೆದಿದ್ದರೆ ಎದುರಿಸಬಹುದಿತ್ತು. ಅತ್ತರೆ ಏನು ಮಾಡುವುದು? ಪ್ರತಿಮಾ ತನ್ನ ಕೋಣೆಯ ಕಡೆ ತಿರುಗಿದಳು. ಅಡಿಗೆಮನೆಯ ಮುಂದೆ ಹಾಯುವಾಗ ಒಳಗಿನ ಮಾತು ಕಿವಿಗೆ ಬಿತ್ತು.

"ಚಿಗವ್ವ ಅಲ್ಲ. ಇನ್ಮ್ಯಾಲೆ ಅವ್ವ ಅನ್ನಬೇಕು. ಅನ್ನು, ಇನ್ನೊಂದು ಶೇಂಗಾ ಉಂಡಿ ಕೊಡ್ತೀನಿ," ಎನ್ನುತ್ತಿದ್ದಳು ಗುರುಶಾಂತಮ್ಮ.

"ಅವ್ವ ಫೋಟೋದಾಗ ಅದಾಳ," ಎಂದಳು ಮಲ್ಲಿಕಾ.

"ಆ ಅವ್ವ ದೇವರ ಹತ್ರ ಹೋಗ್ಯಾಳ. ಈ ಅವ್ವ ಇಲ್ಲೇ ಅದಾಳ. ಅನ್ನು ಬಂಗಾರ."

ಮಗು ಏನೆಂದಿತೋ ಕೇಳಿಸಿಕೊಳ್ಳಲು ಪ್ರತಿಮಾ ನಿಲ್ಲಲಿಲ್ಲ. ಕೋಣೆಗೆ ಹೋಗಿ ಬಾಗಿಲು ಮುಚ್ಚಿ, ಸಂದಿಗೆ ಸೀರೆ ತುರುಕಿದಳು. ಐದೂ ಕಾಲಾಗಿತ್ತು. ಈ ಕೆಲಸ ಸಿಕ್ಕಿದರೆ ಒಂದು ವಾರಕ್ಕೆ ಅಂತ ಹೋಗುವುದು, ಹೋದವಳು ಅಲ್ಲೇ ಉಳಿಯುವುದು. ಒತ್ತಿದ ಕೈ ಅಪ್ಪನ ಹತ್ತಿರವೇ ಇರಲಿ. ಮಲ್ಲಿಕಾಳ ವಿಚಾರವನ್ನು ಆಮೇಲೆ ನೋಡೋಣ ಎಂದುಕೊಂಡಳು. ಆಮೇಲೆ ನೋಡುವುದು ಅಷ್ಟು ಸುಲಭವಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊಬೈಲ್ ಒತ್ತಿ ಮಾತು ಶುರುಮಾಡಿದಳು.

ಬೆಳಗಿನಿಂದ ಬಾರದ ಮಾತು ಈಗ ತಾನಾಗಿ ಬಂತು. ಮಿಲ್ಲು ಕೂಡ ಸುಮ್ಮನಾಗಿತ್ತು. ಪಂದ್ಯಾವಳಿಯ ಎಂಟು ಆಟಗಾರ್ತಿಯರನ್ನು ಒಬ್ಬೊಬ್ಬಳಾಗಿ ಕರೆತಂದಳು. ಮೊದಲ ಶ್ರೇಯಾಂಕದವಳು ಸಿಟ್ಟು ಬಂದಾಗ ಹೇಗೆ ಎರಡನೇ ಸರ್ವಿಸನ್ನೂ ಮೊದಲನೆಯದರಷ್ಟೇ ಜೋರಾಗಿ ಹೊಡೆದು ಕೆಡಿಸಿಕೊಳ್ಳುತ್ತಾಳೆ, ಎಡಗೈ ಹುಡುಗಿ ಒಳಾಂಗಣದ ಗಟ್ಟಿ ಅಂಕಣದಲ್ಲಿ ಯಾಕೆ ಹೆಚ್ಚು ಅಪಾಯಕಾರಿ, ಎರಡು ಮಕ್ಕಳಾದ ಮೇಲೆ ಹಿಂತಿರುಗಿ ಬಂದವಳ ಕಾಲು ಮೂರನೇ ಸೆಟ್ಟಿನವರೆಗೆ ತಡೆಯುತ್ತದೆಯೇ ಎಂಬುದನ್ನೆಲ್ಲ ಹೇಳಿದಳು. ಸೋತವಳೂ ಸೆಮಿಫೈನಲ್ ತಲುಪುವ ಲೆಕ್ಕಾಚಾರವನ್ನು ಅಜ್ಜಿಗೂ ಅರ್ಥವಾಗುವಂತೆ ಬಿಡಿಸಿಟ್ಟಳು. ಆಮೇಲೆ, ಬರೆದುಕೊಂಡಿರದ ಮಾತೊಂದು ಬಾಯಿಗೆ ಬಂತು.

"ಇನ್ನೊಬ್ಬಳ ಬಗ್ಗೆ ಹೇಳಿ ಮುಗಿಸುತ್ತೇನೆ. ಅವಳ ಚಿತ್ರ ನಿಮಗೆ ಪೋಸ್ಟರಿನಲ್ಲಿ ಸಿಗುವುದಿಲ್ಲ. ವರ್ಷವೆಲ್ಲ ಆಡಿ ಒಂಬತ್ತನೆಯವಳಾಗಿ ಉಳಿದವಳು. ಅವಳನ್ನೂ ಕರೆಸಿರುತ್ತಾರೆ. ದಿನಾ ಬಂದು, ಶೂ ಕಟ್ಟಿಕೊಂಡು ಕಾಯಬೇಕು. ಎಂಟರಲ್ಲಿ ಒಬ್ಬಳು ಗಾಯಗೊಂಡು ಬಿದ್ದರೆ ಇವಳನ್ನು ಎಬ್ಬಿಸಿ ಕಳಿಸುತ್ತಾರೆ. ಅದು ಬಿದ್ದವಳ ಜಾಗ, ಬಿದ್ದವಳ ಗುಂಪು, ಬಿದ್ದವಳ ಎದುರಾಳಿ. ಚಪ್ಪಾಳೆ ತಟ್ಟುವವರೂ ಬಿದ್ದವಳನ್ನೇ ನೆನೆಸಿಕೊಂಡು ತಟ್ಟುತ್ತಾರೆ. ಆದರೂ ಆ ಒಂಬತ್ತನೆಯವಳು ಅಂಕಣಕ್ಕೆ ಬಂದರೆ, ದಯವಿಟ್ಟು ಅವಳ ಆಟವನ್ನು ಅವಳ ಆಟವೆಂದೇ ನೋಡಿ."

"ಅವ್ವಾ," ಎಂದಿತು ಬಾಗಿಲ ಆಚೆಯಿಂದ ಮಗುವಿನ ದನಿ.

"ಬಂದೆ ಕಂದಾ," ಎಂದಳು ಪ್ರತಿಮಾ.

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಗೊತ್ತಾಯಿತು. ಯಾರನ್ನು ಕರೆದರೆಂದು ಯೋಚಿಸಲಿಲ್ಲ, ತಿರುಗಿ ನೋಡಲಿಲ್ಲ, ಬಾಯಿ ತಾನೇ ಓಗೊಟ್ಟಿತ್ತು. ಮಲ್ಲಿಕಾ ಸೀರೆಯನ್ನು ತಳ್ಳಿಕೊಂಡು ಒಳಗೆ ಬಂದು, ಕೈಯಲ್ಲಿದ್ದ ಅರ್ಧ ಉಂಡೆಯನ್ನು ಅವಳ ಬಾಯಿಗೆ ಹಿಡಿದಳು. ಆಗ ಅವ್ವ ಹಿಡಿದ ಸಕ್ಕರೆಯನ್ನು ತಳ್ಳಿದವಳಿಗೆ ಇದನ್ನು ತಳ್ಳಲಾಗಲಿಲ್ಲ.

ಮುದ್ರಣವನ್ನು ಮತ್ತೆ ಕೇಳಿದಳು. ಇಷ್ಟು ಚೆನ್ನಾಗಿ ಅವಳು ಎಂದೂ ಮಾತನಾಡಿರಲಿಲ್ಲ. ಕೊನೆಗೆ ಸೇರಿಕೊಂಡಿದ್ದ 'ಅವ್ವಾ', 'ಬಂದೆ ಕಂದಾ' ಎಂಬ ಎರಡು ಮಾತುಗಳನ್ನು ಕತ್ತರಿಸಲು ನೋಡಿದಳು. ಹಳೆಯ ಮೊಬೈಲು ತೆರೆಯ ಮೇಲೆ ಚಕ್ರ ತಿರುಗಿಸುತ್ತ ನಿಂತುಬಿಟ್ಟಿತು. ಆರಾಗುತ್ತಾ ಬಂದಿತ್ತು. ಮನೆಯ ಸದ್ದು, ಅರ್ಥಮಾಡಿಕೊಳ್ಳುತ್ತಾರೆ ಎಂದುಕೊಂಡು ಹಾಗೆಯೇ ಕಳಿಸಿದಳು.

ಚಾನೆಲ್ಲಿನ ಸಂಯೋಜಕರ ಉತ್ತರ ಬರಲು ಹೆಚ್ಚು ಹೊತ್ತಾಗಲಿಲ್ಲ. ಮಲ್ಲಿಕಾ ಅಷ್ಟರಲ್ಲಿ ಅವಳ ತೊಡೆಯೇರಿ ಕೂತಿದ್ದಳು. ಪ್ರತಿಮಾ ಮಗುವಿನ ತಲೆಯ ಮೇಲಿಂದ ಮೊಬೈಲ್ ಹಿಡಿದು ಓದಿದಳು.

"ತುಂಬಾ ಚೆನ್ನಾಗಿದೆ ಮೇಡಂ. ಆ ಒಂಬತ್ತನೆಯವಳ ಭಾಗ ಎಲ್ಲರಿಗೂ ಇಷ್ಟವಾಯಿತು. ನಿಮ್ಮನ್ನೇ ಕರೆಸುವುದೆಂದು ಮಾತಾಗಿದೆ. ಆದರೆ ನಿಮಗೆ ಮಗು ಇದೆಯೆಂದು ನೀವು ಹೇಳಿರಲಿಲ್ಲ. ತಪ್ಪು ತಿಳಿಯಬೇಡಿ. ಹಿಂದೊಮ್ಮೆ ಚಿಕ್ಕ ಮಗುವಿನ ತಾಯಿಯೊಬ್ಬರು ನಡುವೆಯೇ ಊರಿಗೆ ಹೋಗಿ ತುಂಬಾ ತೊಂದರೆಯಾಯಿತು. ಅಂಥವರನ್ನು ಮೇಲಿನವರು ಈಗ ಒಪ್ಪುವುದಿಲ್ಲ. ಅದು ನಿಮ್ಮ ಮಗುವೇ, ಈಗಲೇ ತಿಳಿಸಿ, ಇನ್ನೊಬ್ಬರನ್ನು ಕಾಯಿಸಿದ್ದೇವೆ."

ಪ್ರತಿಮಾ ಬರೆಯತೊಡಗಿದಳು. ನನ್ನ ಅಕ್ಕ ತೀರಿಕೊಂಡಿದ್ದಾಳೆ, ಅವಳ ಮಗಳು ನಮ್ಮ ಮನೆಯಲ್ಲಿ, ಎಂದು ಆರಂಭಿಸಿದ್ದು ನಾಲ್ಕು ಸಾಲಾಯಿತು. ಅದನ್ನು ಓದಿದರೆ ಯಾರಿಗಾದರೂ ಈಕೆ ಬರುವವಳಲ್ಲ ಎಂದೇ ಅನಿಸಬೇಕು. ಎಲ್ಲವನ್ನೂ ಅಳಿಸಿದಳು. ಮಗುವಿನ ಕೂದಲಿನಿಂದ ಶೇಂಗಾ ಬೆಲ್ಲದ ವಾಸನೆ ಬರುತ್ತಿತ್ತು. ಹೊರಗೆ ಅಪ್ಪ ಯಾರಿಗೋ ಫೋನಿನಲ್ಲಿ, "ಮಾ ಅಮ್ಮಾಯಿ ಪೆಳ್ಳಿ," ಎಂದು ಮಗಳ ಮದುವೆಯ ಸುದ್ದಿ ಹೇಳಿ ಗಟ್ಟಿಯಾಗಿ ನಗುತ್ತಿದ್ದರು. ಪ್ರತಿಮಾ ಹಲ್ಲು ಕಚ್ಚಿಕೊಂಡು ನಾಲ್ಕೇ ನಾಲ್ಕು ಪದ ಬರೆದಳು.

ಅದು ನನ್ನ ಮಗು ಅಲ್ಲ.

ನಿಜವಾದ ಮಾತೇ. ಒಂದಕ್ಷರವೂ ಸುಳ್ಳಿರಲಿಲ್ಲ. ಬೆರಳು ಒತ್ತಿ ಕಳಿಸಿಯೇಬಿಟ್ಟಳು.

"ಏನು ಬರದಿ?" ಎಂದಳು ಮಲ್ಲಿಕಾ, ತಲೆ ಹಿಂದಕ್ಕೆ ಹಾಕಿ ಅವಳ ಮುಖ ನೋಡುತ್ತ.

"ನಿನ್ನ ಹೆಸರು," ಎಂದಳು ಪ್ರತಿಮಾ.

ಶಾಲೆಯಲ್ಲಿ ಮಲ್ಲಿಕಾಳಿಗೆ ಆಗಷ್ಟೇ ಕಲಿಸತೊಡಗಿದ್ದು ತೆಲುಗು, ಇಂಗ್ಲಿಷಿನ ಮೊದಲ ಅಕ್ಷರಗಳನ್ನು. ಕನ್ನಡದ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಮೊಬೈಲನ್ನು ಎರಡೂ ಕೈಯಲ್ಲಿ ತನ್ನ ಕಡೆಗೆ ಎಳೆದುಕೊಂಡಳು. ಉಂಡೆಯ ಎಣ್ಣೆ ಹತ್ತಿದ ಬೆರಳನ್ನು ಮೊದಲ ಪದದ ಮೇಲೆ ಇಟ್ಟು, ಪಾಠ ಒಪ್ಪಿಸುವವಳ ಹಾಗೆ ಗಟ್ಟಿಯಾಗಿ ಓದಿದಳು.

"ಮ."

ಬೆರಳು ಎರಡನೆಯ ಪದಕ್ಕೆ, ಆಮೇಲೆ ಮೂರನೆಯದಕ್ಕೆ ಸರಿಯಿತು.

"ಲ್ಲಿ. ಕಾ."

ಹೆಸರು ಮುಗಿದಿತ್ತು, ಸಾಲಿನಲ್ಲಿ 'ಅಲ್ಲ' ಎಂಬ ಒಂದು ಪದ ಇನ್ನೂ ಉಳಿದಿತ್ತು. ಮಲ್ಲಿಕಾ ಅದರ ಮೇಲೆ ಬೆರಳಿಟ್ಟು, ಮುಖವೆತ್ತಿ ಕೇಳಿದಳು.

"ಮತ್ತ, ಇದು ಏನು?"